ಲಿಬ್ರೆಆಫೀಸ್: ಮಂಡಿ ಲೆಕ್ಕಕ್ಕೆ ಧೈರ್ಯವಾಗಿ ಬಳಸಿ

ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯಲ್ಲಿ ಈಗ ಲೆಕ್ಕ, ಪತ್ರಕ್ಕೆಲ್ಲ ಲಿಬ್ರೆಆಫೀಸ್ ಅನ್ನುವ ಸಾಫ್ಟ್‌ವೇರ್. ವರ್ಷ ವರ್ಷ ದುಡ್ಡು ಕಟ್ಟುವ ಹಳೇ ಪ್ಯಾಕೇಜ್ ಬಿಟ್ಟೆವು. ಇದು ಪೂರ್ತಿ ಉಚಿತ, 2010ರಲ್ಲಿ ಓಪನ್‌ಆಫೀಸ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ ಕವಲೊಡೆದದ್ದು.

ಅದರಲ್ಲಿ ಲೆಕ್ಕದ ಶೀಟ್ ಮಾಡುವ ಕ್ಯಾಲ್ಕ್ ನನಗೆ ತುಂಬಾ ಇಷ್ಟವಾಯಿತು. ಸಮ್, ವಿಲುಕಪ್, ಪಿವೋಟ್ ಟೇಬಲ್‌ನಂಥ ಲೆಕ್ಕದ ಸೌಲಭ್ಯಗಳೆಲ್ಲ ಎಕ್ಸೆಲ್‌ನಲ್ಲಿರುವ ಅದೇ ಹೆಸರಲ್ಲಿವೆ, ಹಾಗಾಗಿ ಚೀಲದ ತೂಕ, ದರ, ಹಮಾಲಿ, ಕಮಿಷನ್ ಹಾಕಿದ್ದ ಹಳೇ ಶೀಟ್ ತೆರೆದು ನೇರವಾಗಿ ಕೆಲಸ ಶುರು ಮಾಡಬಹುದು. ಮೆನು ಹಳೇ ಕಾಲದ್ದು ಅನ್ನಿಸಿದರೆ ವ್ಯೂನಲ್ಲಿ ಯೂಸರ್ ಇಂಟರ್‌ಫೇಸ್‌ಗೆ ಹೋಗಿ ಟ್ಯಾಬ್ಡ್ ಆರಿಸಿ, ಬೇಗ ಕೈಗೆ ಒಗ್ಗುತ್ತದೆ.

ಜಾಸ್ತಿ ಗಮನ ಬೇಕಾದ್ದು ಕನ್ನಡಕ್ಕೆ. ಪತ್ರ ಬರೆಯುವ ಭಾಗವಾದ ರೈಟರ್‌ನಲ್ಲಿ ಇಂಗ್ಲಿಷ್‌ಗೊಂದು, ಕನ್ನಡಕ್ಕೊಂದು ಫಾಂಟ್ ಬೇರೆ ಬೇರೆ ಇಡಬೇಕು. ಕನ್ನಡದ್ದು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಭಾಗದಲ್ಲಿದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಒದ್ದಾಡುತ್ತಾರೆ, ಯಾರಾದರೂ ಮೊದಲೇ ಹೇಳಿಕೊಡಬೇಕಿತ್ತು ಅಲ್ವಾ? ನುಡಿ ತಂತ್ರಾಂಶದ ಹಳೇ ಆಸ್ಕಿ ಅಕ್ಷರದ ಪತ್ರಗಳಿದ್ದರೆ ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಆಮೇಲೆ ರೈತರ ಹೆಸರು ಹುಡುಕುವುದೂ ಸುಲಭ.

ಹಳೇ ಶೀಟ್‌ಗಳಲ್ಲಿ ಕೆಲಸ ತಾನಾಗೇ ಮಾಡಿಸುವ ಸಣ್ಣ ಪ್ರೋಗ್ರಾಂ, ಅಂದರೆ ಮ್ಯಾಕ್ರೊಗಳಲ್ಲಿ ಕೆಲವು ಇಲ್ಲಿ ಹಾಗೇ ಓಡುವುದಿಲ್ಲ. ದೊಡ್ಡ ಮ್ಯಾಕ್ರೊ ನಂಬಿಕೊಂಡವರು ಒಂದು ಪ್ರತಿಯಲ್ಲಿ ಪರೀಕ್ಷೆ ಮಾಡಿ ನೋಡಿ. ಆಡಿಟರ್‌ಗೆ ಕಳಿಸುವ ಲೆಕ್ಕವನ್ನು ಎಕ್ಸೆಲ್ ರೂಪದಲ್ಲಿ ಸೇವ್ ಮಾಡಿ, ಪತ್ರವಾದರೆ ಪಿಡಿಎಫ್ ಮಾಡಿ ಕಳಿಸಿ.