ವೈಡ್ ಬಾಡಿ ಕಿಟ್ ಹಾಕಿಸುವ ಮುನ್ನ ಚಕ್ರದ ಗೂಡಿನೊಳಗೆ ಕೈಯಾಡಿಸಿ ನೋಡಿ

ಮ್ಯೂನಿಕ್‌ನಲ್ಲಿರುವ ಕನ್ನಡಿಗ ಗೆಳೆಯರೊಬ್ಬರು ಕಳೆದ ವಾರ ಒಂದು ವೈಡ್ ಬಾಡಿ ಕಿಟ್‌ನ, ಅಂದರೆ ಕಾರಿನ ಮೈಯನ್ನು ಅಗಲವಾಗಿಸಲು ಕೂಡಿಸುವ ಹೊರಹಲಗೆಗಳ ಸೆಟ್‌ನ, ಚಿತ್ರ ಕಳುಹಿಸಿ, "ನನ್ನ ಪೋರ್ಷೆ 944 ಟರ್ಬೊ ಕಾರಿಗೆ ಇದನ್ನು ಹಾಕಿಸಲೇ?" ಎಂದು ಕೇಳಿದರು. ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ನಾನು ಹಾಕಿಸಿದ್ದು ಅದೇ ಕಿಟ್. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಟರ್ಬೊ ಕಾರು ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ಪಕ್ಕದ ನೆಕರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಪೋರ್ಷೆ 944 ತಯಾರಾಗುತ್ತಿತ್ತು. ಅದು ತಿಳಿದ ದಿನದಿಂದ ಆ ಕಾರು ನಮ್ಮೂರಿನದೇ ಎಂಬ ಮಮತೆ ಹುಟ್ಟಿತ್ತು. ಆರು ವರ್ಷ ಉಳಿತಾಯ ಮಾಡಿ 1986ರ ಟರ್ಬೊ ಕೊಂಡೆ. ನಾಲ್ಕು ಸಿಲಿಂಡರ್, 2479 ಸಿಸಿ, 220 ಅಶ್ವಶಕ್ತಿ. ಮೂವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಕಾರುಗಳಿಗೆ ಇಲ್ಲಿ ಸಿಗುವ 'ಎಚ್' ನಂಬರ್ ಪ್ಲೇಟ್ ಕೂಡ ಅದಕ್ಕಿತ್ತು. ಎಲ್ಲಿಯೂ ತುಕ್ಕಿನ ಚುಕ್ಕೆ ಇರಲಿಲ್ಲ.

ಅಂಥ ಕಾರನ್ನು ಕತ್ತರಿಸುವ ಯೋಚನೆ ಏಕೆ ಬಂತು ಎಂದರೆ, 1981ರ ಲೆ ಮಾನ್ಸ್ ಕಾರು ಓಟದ ಚಿತ್ರಗಳಿಂದ. ಚಾಲಕರಾದ ವಾಲ್ಟರ್ ರೋರ್ಲ್ ಮತ್ತು ಯುರ್ಗೆನ್ ಬಾರ್ಟ್ 944ರ ಪೂರ್ವಜವಾದ ರೇಸ್ ಕಾರನ್ನು ಅಲ್ಲಿ ಏಳನೆಯ ಸ್ಥಾನಕ್ಕೆ ತಂದಿದ್ದರು. ಆ ಉಬ್ಬಿದ ಮಡ್‌ಗಾರ್ಡುಗಳು ಕಣ್ಣಲ್ಲಿ ಕುಳಿತುಬಿಟ್ಟವು. ನನ್ನ ಕಾರಿನ ಮೈಯೇ ಅಂಥ ಉಬ್ಬಿನಿಂದ ಹುಟ್ಟಿದ್ದು ಎಂಬುದನ್ನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 944ಕ್ಕೆ ಮೂಲವಾದ ಪೋರ್ಷೆ 924ರ ಅಗಲ 1.685 ಮೀಟರ್, 944ರದು 1.735 ಮೀಟರ್. ಅದನ್ನು ಅಗಲಿಸುವ ಕೆಲಸವನ್ನು ಕಾರ್ಖಾನೆಯೇ ಮಾಡಿ ಮುಗಿಸಿತ್ತು, ಅದೂ ಸತುವಿನ ಲೇಪ ಕೊಟ್ಟ ಉಕ್ಕಿನಲ್ಲಿ.

ಕಿಟ್‌ಗೆ 2,400 ಯೂರೊ, ಕೂಡಿಸಿ ಬಣ್ಣ ಹೊಡೆಯಲು 5,500 ಯೂರೊ. ಗ್ಯಾರೇಜಿನವರು ತೋರಿಸಿದ್ದೆಲ್ಲ ಕೆಲಸ ಮುಗಿದು ಮಿರುಗುವ ಕಾರುಗಳ ಚಿತ್ರಗಳು. ಕತ್ತರಿಸಿದ ಮೇಲೆ, ಮುಚ್ಚುವ ಮೊದಲು ತೆಗೆದ ಒಂದೇ ಒಂದು ಚಿತ್ರವನ್ನು ನಾನು ಕೇಳಲಿಲ್ಲ. ಇಡೀ ಕಥೆಯಲ್ಲಿ ನನ್ನ ತಪ್ಪು ಇಲ್ಲಿದೆ.

ಮುಂದಿನ ಮಡ್‌ಗಾರ್ಡುಗಳು ಬೋಲ್ಟ್‌ನಿಂದ ಕೂತಿರುತ್ತವೆ. ಬಿಚ್ಚಬಹುದು, ಬೇಡವಾದರೆ ಹಳೆಯದನ್ನೇ ಮತ್ತೆ ಹಾಕಬಹುದು. ಹಿಂದಿನದು ಹಾಗಲ್ಲ. ಹಿಂಬದಿಯ ಹೊರತಗಡು ಕಾರಿನ ಮೈಗೇ ಬೆಸೆದುಕೊಂಡಿರುತ್ತದೆ. ಚಕ್ರದ ಮೇಲಿನ ಕಮಾನಿನ ಅಂಚಿನಲ್ಲಿ ಹೊರತಗಡು ಮತ್ತು ಒಳಗಿನ ಗೂಡಿನ ತಗಡು ಒಂದಕ್ಕೊಂದು ಬೆಸುಗೆಯಾಗಿ ಪೆಟ್ಟಿಗೆಯಂತೆ ಬಿಗಿದುಕೊಂಡಿರುತ್ತವೆ. ಅಗಲದ ಚಕ್ರಕ್ಕೆ ಜಾಗ ಮಾಡಲು ಆ ಅಂಚನ್ನು ಕತ್ತರಿಸಿದರೆ ಎರಡು ತಗಡುಗಳೂ ಬೇರೆಯಾಗುತ್ತವೆ. ಸರಿಯಾಗಿ ಮಾಡುವವರು ಒಳತಗಡನ್ನು ಸೀಳುಸೀಳಾಗಿ ಕತ್ತರಿಸಿ, ಹೊರಕ್ಕೆ ಬಾಗಿಸಿ, ಹೊರತಗಡಿಗೆ ಮತ್ತೆ ಬೆಸೆದು, ಸಂದುಗಳಿಗೆ ತೇಪೆ ಹಾಕಿ, ಪ್ರೈಮರ್ ಹಚ್ಚಿ, ಸೀಲ್ ಮಾಡುತ್ತಾರೆ. ದಿನಗಟ್ಟಲೆ ಹಿಡಿಯುವ ಕೆಲಸ ಅದು. ನನ್ನ ಕಾರಿನಲ್ಲಿ ಗ್ರೈಂಡರ್‌ನಿಂದ ಅಂಚನ್ನು ಕೊಯ್ದು, ನಡುವಿನ ಬಿರುಕಿಗೆ ಸಿಲಿಕೋನ್ ತುಂಬಿ, ಮೇಲೆ ಫೈಬರ್‌ಗ್ಲಾಸ್ ಹಲಗೆಯನ್ನು ಅಲ್ಯೂಮಿನಿಯಂ ರಿವೆಟ್‌ನಿಂದ ಬಡಿದಿದ್ದರು.

ಕಾರು ಮನೆಗೆ ಬಂದಾಗ ಒಳಗೆ ವಿನೆಗರ್‌ನ ವಾಸನೆ ಇತ್ತು. ಹೊಸ ಬಣ್ಣದ ವಾಸನೆ ಇರಬೇಕೆಂದು ಸುಮ್ಮನಾದೆ. ಸ್ನಾನದ ಮನೆಗೆ ಬಳಸುವ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಬರಿಯ ಉಕ್ಕನ್ನು ತಿನ್ನುತ್ತದೆ. ಕತ್ತರಿಸಿದ ಅಂಚಿನಲ್ಲಿ ಸತುವು ಮೊದಲೇ ಹೋಗಿತ್ತು. ಅದರ ಮೇಲೆ ಆಮ್ಲ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು. ಹದಿನಾಲ್ಕು ತಿಂಗಳಿಗೆ ಹಲಗೆಯ ಅಂಚಿನಿಂದ ಕಂದು ನೀರು ಇಳಿಯತೊಡಗಿತು. ಮಳೆ ಬಂದ ಮರುದಿನ ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಬೆರಳು ಒದ್ದೆಯಾಗುತ್ತಿತ್ತು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ತುಕ್ಕು ಮುಟ್ಟದ ಕಾರು ಅದು. ಅದರ ಹೊಟ್ಟೆಯೊಳಗೆ ನೀರು ನಿಂತದ್ದನ್ನು ಕಂಡಾಗ ಆದ ಸಂಕಟವನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು, ಈಗಲೂ ನೆನೆದರೆ ಮೈ ನಡುಗುತ್ತದೆ. ಈ ಕಾರಿನ ಪೆಟ್ರೋಲ್ ತುಂಬುವ ಬಾಯಿ ಬಲಬದಿಯ ಹಿಂದಿನ ತಗಡಿನಲ್ಲಿದೆ, ಟ್ಯಾಂಕ್ ಪ್ಲಾಸ್ಟಿಕ್‌ನದು. ಅದನ್ನು ಬಿಚ್ಚದೆಯೇ ಅಲ್ಲಿ ಗ್ರೈಂಡರ್ ಓಡಿಸಿದ್ದರು. ಪೆಟ್ರೋಲ್ ಕೊಳವೆಯ ರಬ್ಬರಿನ ಮೇಲೆ ಕಿಡಿ ಸುಟ್ಟ ಕಲೆಗಳಿವೆ.

ಕಾರು ಓಡುವ ರೀತಿಯೂ ಬದಲಾಯಿತು. ಕಿಟ್‌ನ ಜೊತೆ ಬಂದ ಮುಂಬಂಪರ್ ಟರ್ಬೊ ಇಲ್ಲದ 944ರ ಅಳತೆಯದು. ಟರ್ಬೊ ಮಾದರಿಯ ಮೂತಿಯನ್ನು, ಟರ್ಬೊ ಎಂಜಿನ್‌ಗೆ ಒತ್ತುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಗಾಳಿ ಹೋಗುವಂತೆ ಬೇರೆಯಾಗಿಯೇ ರೂಪಿಸಿರುತ್ತಾರೆ. ಆ ದಾರಿ ಅರ್ಧ ಮುಚ್ಚಿತು. ಬೇಸಿಗೆಯಲ್ಲಿ ಹೆದ್ದಾರಿಯ ಏರಿನಲ್ಲಿ ಕಾರು ಸೋತಂತೆ ಎಳೆಯುತ್ತಿತ್ತು. ಒಳಹೋಗುವ ಗಾಳಿ ಬಿಸಿಯಾಗಿ ಎಂಜಿನ್ ನಾಕ್ ಮಾಡಿದರೆ, ಅಂದರೆ ಇಂಧನ ತಾನಾಗಿಯೇ ಸಿಡಿದರೆ, ಅದರ ನಿಯಂತ್ರಣ ಪೆಟ್ಟಿಗೆ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಿ, ಟರ್ಬೊ ಗಾಳಿ ಒತ್ತುವ ಬಲವನ್ನೂ (ಬೂಸ್ಟ್) ಇಳಿಸುತ್ತದೆ. ಅಂದರೆ ಎಂಜಿನ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು. ನಾನು ಟರ್ಬೊವೇ ಕೆಟ್ಟಿತೆಂದುಕೊಂಡು ಅದನ್ನು ಬಿಚ್ಚಿಸಿ ಇನ್ನಷ್ಟು ಹಣ ಕಳೆದೆ. ಚಕ್ರಗಳನ್ನು ಹೊರಕ್ಕೆ ತರಲು ಹಾಕಿದ ದಪ್ಪ ಸ್ಪೇಸರ್‌ಗಳಿಂದ ಸ್ಟಿಯರಿಂಗ್ ರಸ್ತೆಯ ಪ್ರತಿ ಗೀರಿನ ಹಿಂದೆ ಹೋಗುತ್ತಿತ್ತು, ಹಿಂದಿನ ಒಂದು ಬೇರಿಂಗ್ ಗೊರಗುಟ್ಟತೊಡಗಿತು.

ಕಾಗದಪತ್ರದ ಕಷ್ಟ ಬೇರೆ. ಜರ್ಮನಿಯ ವಾಹನ ನಿಯಮಾವಳಿಯ 19ನೇ ಕಲಮಿನ ಪ್ರಕಾರ, ಅಪಾಯ ತರಬಹುದಾದ ಬದಲಾವಣೆ ಮಾಡಿದರೆ ರಸ್ತೆಗಿಳಿಯುವ ಅನುಮತಿಯೇ ರದ್ದಾಗುತ್ತದೆ. ಆಮೇಲೆ 21ನೇ ಕಲಮಿನಡಿ ಪ್ರತ್ಯೇಕ ಅನುಮೋದನೆ ಬೇಕು. "ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ" ಎಂದಿದ್ದ ಗ್ಯಾರೇಜಿನವರ ಬಳಿ ಫೈಬರ್‌ಗ್ಲಾಸ್ ಹಲಗೆಗಳ ಗುಣಮಟ್ಟದ ಪ್ರಮಾಣಪತ್ರ ಇರಲೇ ಇಲ್ಲ. ತಪಾಸಣೆಯ ಎಂಜಿನಿಯರ್ ಬಗ್ಗಿ ಚಕ್ರದ ಗೂಡಿಗೆ ಟಾರ್ಚ್ ಬಿಟ್ಟು, ಎರಡು ನಿಮಿಷ ಮಾತಾಡದೆ ನಿಂತರು. ಎಚ್ ಪ್ಲೇಟ್ ಹೋಯಿತು. ಆ ಪ್ಲೇಟ್ ಇದ್ದರೆ ವರ್ಷದ ತೆರಿಗೆ 191.73 ಯೂರೊ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ನನ್ನ ಕಾರಿಗೆ ಅದು ಸುಮಾರು ಮೂರು ಪಟ್ಟಾಯಿತು.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಗ್ಯಾರೇಜಿಗೆ ಹೋದಾಗ ಹೊರಗಿನ ಹೊಳಪು ನೋಡಬೇಡಿ. ಅವರು ಮುಗಿಸಿದ ಕಾರೊಂದರ ಹಿಂದಿನ ಚಕ್ರ ಬಿಚ್ಚಿಸಿ ಗೂಡಿನೊಳಗೆ ಕೈಯಾಡಿಸಿ. ಬೆಸುಗೆಯ ಗೆರೆ ಕೈಗೆ ಸಿಗಬೇಕು. ಮೆತ್ತಗಿನ ಸಿಲಿಕೋನ್ ಸಿಕ್ಕರೆ ಹೊರಟುಬನ್ನಿ. ಅನುಮೋದನೆ ಕೊಡುವ ಎಂಜಿನಿಯರನ್ನು ಕತ್ತರಿಸುವ ಮೊದಲೇ ಕಂಡು ಮಾತಾಡಿ, ಕಿಟ್‌ನ ಪ್ರಮಾಣಪತ್ರವನ್ನು ಹಣ ಕೊಡುವ ಮೊದಲೇ ಕೈಗೆ ತೆಗೆದುಕೊಳ್ಳಿ. ಕತ್ತರಿಸಿದ ದಿನ ನೀವು ಅಲ್ಲಿರಬೇಕು, ನೋಡಿ ಒಪ್ಪುವವರೆಗೆ ಹಲಗೆ ಮುಚ್ಚಬಾರದು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಮುಂದಿನ ಮಡ್‌ಗಾರ್ಡು, ಬಂಪರುಗಳನ್ನು ಯಾರಿಗೂ ಕೊಡಬೇಡಿ. ನಾನು ನನ್ನವನ್ನು 300 ಯೂರೊಗೆ ಮಾರಿದ್ದೆ. ಅಂಥದೇ ಒಂದು ಜೊತೆಯನ್ನು ಮತ್ತೆ ಹುಡುಕಿ ಕೊಳ್ಳಲು ಏಳು ತಿಂಗಳು ಬೇಕಾಯಿತು, ಕೊಟ್ಟದ್ದು ಅದರ ನಾಲ್ಕು ಪಟ್ಟು.

ಈಗ ಕಾರು ವಯಸ್ಸಾದ ಮೇಸ್ತ್ರಿಯೊಬ್ಬರ ಶೆಡ್‌ನಲ್ಲಿದೆ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಇನ್ನೊಂದು 944ರಿಂದ ಹಿಂದಿನ ಎಡತಗಡನ್ನು ಒಳಗೂಡಿನ ಸಮೇತ ಕೊಯ್ದು ತಂದು ಬೆಸೆದಿದ್ದಾರೆ. ಪ್ರತಿ ಹಂತದ ಚಿತ್ರವನ್ನೂ ನಾನು ಕೇಳುವ ಮೊದಲೇ ಕಳುಹಿಸುತ್ತಾರೆ. ಬಲಬದಿಗೆ ತಗಡು ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಪೆಟ್ರೋಲ್ ಬಾಯಿ ಸಮೇತ ತುಕ್ಕಿಲ್ಲದ ಬಲತಗಡು ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ.