ಹೊಸ ಸಂಗೀತಕ್ಕೆ ಆ್ಯಪ್ ಮೇಲೋ, ರೇಡಿಯೋ ಮೇಲೋ, ಅಪರಿಚಿತರ ಕಪಾಟು ಮೇಲೋ?

ಸಿನಿಮಾ ಹಾಡು, ಭಕ್ತಿಗೀತೆ, ಯಕ್ಷಗಾನದ ಪದ್ಯ ಬೇಕೆಂದರೆ ಮಂಗಳೂರಿನಲ್ಲಿ ಹುಡುಕಬೇಕಾಗಿಯೇ ಇಲ್ಲ, ತಾವಾಗಿಯೇ ಕಿವಿಗೆ ಬೀಳುತ್ತವೆ. ಆದರೆ ಯಾವ ಕಂಪೆನಿಯ ಬೆಂಬಲವೂ ಇಲ್ಲದೆ ಯಾರೋ ತಮ್ಮ ಕೋಣೆಯಲ್ಲಿ ಕುಳಿತು ಮಾಡಿದ ಸಂಗೀತ, ಅಂದರೆ ವಾತಾವರಣ ಕಟ್ಟುವ ಆಂಬಿಯೆಂಟ್, ಗದ್ದಲವನ್ನೇ ಸಂಗೀತವಾಗಿಸುವ ನಾಯ್ಸ್, ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುವ ಡ್ರೋನ್, ಕಟ್ಟುಪಾಡಿಲ್ಲದ ಫ್ರೀ ಜಾಝ್, ಇವುಗಳ ನಡುವಿನ ಹೆಸರಿಲ್ಲದ ಪ್ರಯೋಗಗಳು ಬೇಕೆಂದರೆ ದಾರಿಯನ್ನು ನಾವೇ ಮಾಡಿಕೊಳ್ಳಬೇಕು. ನಾನು ಬಹುಕಾಲದಿಂದ ಮೂರು ದಾರಿಗಳನ್ನು ಜತೆಜತೆಯಾಗಿ ಬಳಸುತ್ತಿದ್ದೇನೆ: ಸ್ಟ್ರೀಮಿಂಗ್ ಆ್ಯಪ್ ಕಟ್ಟಿಕೊಡುವ ಪಟ್ಟಿ, ಇಂಟರ್ನೆಟ್ ರೇಡಿಯೋ ಮತ್ತು ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್. ಮೂರೂ ಒಂದೇ ಕೆಲಸ ಮಾಡುತ್ತವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆ್ಯಪ್‌ನದು ಎಲ್ಲಕ್ಕಿಂತ ಸಲೀಸಾದ ದಾರಿ. ನಾನು ಕೇಳಿದ ಹಾಡುಗಳನ್ನೇ ಕೇಳಿದ ಉಳಿದವರು ಇನ್ನೇನು ಕೇಳಿದ್ದಾರೆ ಎಂದು ಲೆಕ್ಕ ಹಾಕಿ ಅದನ್ನು ನನ್ನ ಮುಂದಿಡುವುದು ಅದರ ಮುಖ್ಯ ಉಪಾಯ. ಲಕ್ಷಾಂತರ ಜನ ಕೇಳುವ ಹಾಡಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಬೆರಳೆಣಿಕೆಯ ಮಂದಿ ಕೇಳಿರುವ ಆಲ್ಬಂ ಎದುರಾದರೆ ಲೆಕ್ಕ ಹಾಕಲು ಆಧಾರವೇ ಇರುವುದಿಲ್ಲ. ಹಾಗಾಗಿ ನನಗೆ ಸಿಗುತ್ತಿದ್ದದ್ದು ಆಂಬಿಯೆಂಟ್ ಹೆಸರಿನಲ್ಲಿ ನಿದ್ದೆಗೆ ಹಚ್ಚುವ ಪಿಯಾನೋ, ಜಾಝ್ ಹೆಸರಿನಲ್ಲಿ ಕಾಫಿ ಅಂಗಡಿಯ ಹಿನ್ನೆಲೆ ಸಂಗೀತ. ಒಂದು ಹಾಡು ಇನ್ನೊಂದರ ಹಾಗಿದೆ ಎಂಬುದೇ ಆಯ್ಕೆಯ ಕಾರಣವಾದರೆ, ಯಾವುದರ ಹಾಗೂ ಇಲ್ಲದ ಹಾಡಿಗೆ ಅಲ್ಲಿ ಜಾಗವೆಲ್ಲಿ? ಹಣದ ವಿಚಾರವೂ ಇದೆ. ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಲ್ಪಟ್ಟಿರದಿದ್ದರೆ ಅದಕ್ಕೆ ಗೌರವಧನವಿಲ್ಲ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. ನಾನು ಹುಡುಕುವ ಸಂಗೀತದಲ್ಲಿ ಆ ಗೆರೆಯ ಕೆಳಗಿರುವುದೇ ಹೆಚ್ಚು.

ರೇಡಿಯೋದಲ್ಲಿ ಆಯ್ಕೆ ಮಾಡುವವರು ಮನುಷ್ಯರು. ಲಂಡನ್ನಿನ ಹ್ಯಾಕ್ನಿಯಲ್ಲಿ 2011ರಲ್ಲಿ ಶುರುವಾದ ಎನ್‌ಟಿಎಸ್ ಎಂಬ ಇಂಟರ್ನೆಟ್ ರೇಡಿಯೋ ಎರಡು ವಾಹಿನಿಗಳಲ್ಲಿ ನೇರಪ್ರಸಾರ ಮಾಡುತ್ತದೆ. ಹಳೆಯ ಕಾರ್ಯಕ್ರಮಗಳು ಸಂಗ್ರಹದಲ್ಲಿವೆ, ಬಹುತೇಕ ಹಾಡುಪಟ್ಟಿ ಸಮೇತ. ಅಮೆರಿಕದ ಜರ್ಸಿ ಸಿಟಿಯ ಡಬ್ಲ್ಯುಎಫ್‌ಎಂಯು ಎಂಬ ರೇಡಿಯೋ ಕೇಳುಗರ ದೇಣಿಗೆಯಿಂದ ನಡೆಯುತ್ತದೆ. ನಿರೂಪಕರು ಏನು ಹಾಕಬೇಕೆಂದು ಮೇಲಿನವರು ಹೇಳುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ 9 ಎಂದರೆ ನಮಗೆ ಮರುದಿನ ಬೆಳಗಿನ 6:30. ಸಮಯ ಹೊಂದಿಸಿಕೊಳ್ಳಲು ಆಗದವರಿಗೆ ಸಂಗ್ರಹವೇ ಸಾಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಉಡುಪಿ ಬಸ್ಸು ಹತ್ತಿ ಒಂದು ಕಾರ್ಯಕ್ರಮ ಹಚ್ಚಿದರೆ ಮೂಲ್ಕಿ, ಪಡುಬಿದ್ರಿ, ಕಾಪು ದಾಟುವವರೆಗೂ ಮೊಬೈಲ್ ಮುಟ್ಟಬೇಕಾಗಿಲ್ಲ. ಮುಟ್ಟದೆ ಇರುವುದೇ ಇದರ ಗುಣ. ಆ್ಯಪ್‌ನಲ್ಲಿ ಮೂವತ್ತು ಸೆಕೆಂಡಿಗೆ ದಾಟಿಸಿಬಿಡುವ ಹಾಡನ್ನು ಇಲ್ಲಿ ಪೂರ್ತಿ ಕೇಳುತ್ತೇನೆ, ಏಕೆಂದರೆ ಅದರ ನಂತರ ಏನು ಬರುತ್ತದೋ ಎಂಬ ಕುತೂಹಲವಿರುತ್ತದೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹಳೆಯ ಟೇಪುಗಳ ಸಂಗೀತ ನನಗೆ ಸಿಕ್ಕಿದ್ದು ರೇಡಿಯೋದ ದಾರಿಯಲ್ಲಿಯೇ. 1969ರಲ್ಲಿ ಅಲ್ಲಿ ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಕಟ್ಟಿದ್ದರು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಾಗಿದ್ದರು. 1972ರವರೆಗೆ ಗೀತಾ ಸಾರಾಭಾಯ್, ಅತುಲ್ ದೇಸಾಯಿ, ಜಿನರಾಯ ಜೋಶಿಪುರ ಮುಂತಾದವರು ಅಲ್ಲಿ ಧ್ವನಿಮುದ್ರಿಸಿದ ವಿದ್ಯುನ್ಮಾನ ಸಂಗೀತ ಆಲ್ಬಂ ಆಗಿ ಹೊರಬಂದದ್ದು 2023ರಲ್ಲಿ. ಅರ್ಧ ಶತಮಾನ ಪೆಟ್ಟಿಗೆಯಲ್ಲಿ ಕುಳಿತಿದ್ದ ಭಾರತೀಯ ಸಂಗೀತವನ್ನು ನಾನು ಕೇಳಿದ್ದು ವಿದೇಶದ ರೇಡಿಯೋ ನಿರೂಪಕರೊಬ್ಬರ ಆಸಕ್ತಿಯಿಂದ. ನನ್ನ ಹಳೆಯ ಅಭ್ಯಾಸಗಳನ್ನು ಎಷ್ಟು ಬಗೆದರೂ ಯಾವ ಲೆಕ್ಕಾಚಾರವೂ ನನ್ನನ್ನು ಅಲ್ಲಿಗೆ ಮುಟ್ಟಿಸುತ್ತಿರಲಿಲ್ಲ.

ಆದರೂ ನನ್ನ ಮತ ಬ್ಯಾಂಡ್‌ಕ್ಯಾಂಪ್‌ಗೆ. 2008ರಲ್ಲಿ ಆರಂಭವಾದ ಈ ತಾಣದಲ್ಲಿ ಸಂಗೀತಗಾರರು ನೇರವಾಗಿ ಮಾರುತ್ತಾರೆ. ಡಿಜಿಟಲ್ ಆಲ್ಬಂ ಮೇಲೆ ತಾಣದ ಪಾಲು ಸಾಮಾನ್ಯವಾಗಿ ಶೇ 15. ನನಗೆ ಮುಖ್ಯವಾದದ್ದು ಪ್ರತಿ ಆಲ್ಬಂನ ಪುಟದಲ್ಲಿ ಕಾಣುವ, ಕೊಂಡವರ ಪುಟ್ಟಪುಟ್ಟ ಚಿತ್ರಗಳ ಸಾಲು. ಒಂದು ಚಿತ್ರವನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಸಂಗೀತದ ಕಪಾಟು ತೆರೆಯುತ್ತದೆ. ಕೆಲವರು ತಮಗೆ ಯಾವ ಹಾಡು ಇಷ್ಟ, ಯಾಕೆ ಇಷ್ಟ ಎಂದು ಎರಡು ಸಾಲು ಬರೆದಿರುತ್ತಾರೆ. ತೀರಾ ಅಪರೂಪದ ಒಂದು ಆಲ್ಬಂ ಹಿಡಿದು, ಅದನ್ನು ಕೊಂಡವರ ಕಪಾಟುಗಳನ್ನು ಒಂದೊಂದಾಗಿ ತೆರೆಯುತ್ತೇನೆ. ಡ್ರೋನ್ ಕೊಂಡವರ ಕಪಾಟಿನಲ್ಲಿ ಮಾಲಿಯ ಗಿಟಾರ್, ಅದರ ಪಕ್ಕದಲ್ಲಿ ಹಕ್ಕಿಗಳ ಧ್ವನಿಮುದ್ರಣ, ಮತ್ತೊಂದು ಮೂಲೆಯಲ್ಲಿ ಕಿವಿಗಡಚಿಕ್ಕುವ ಮೆಟಲ್. ಇವುಗಳನ್ನು ಒಟ್ಟಿಗೆ ತಂದದ್ದು ಒಬ್ಬ ಮನುಷ್ಯನ ರುಚಿ, ಅದೂ ಕೈಯಿಂದ ಹಣ ಹಾಕಿದ ರುಚಿ. ಒಂದು ಪ್ರಕಾರದಿಂದ ಇನ್ನೊಂದಕ್ಕೆ ಜಿಗಿಯಲು ಇದಕ್ಕಿಂತ ಒಳ್ಳೆಯ ಸೇತುವೆಯನ್ನು ನಾನು ಕಂಡಿಲ್ಲ.

ತಾಳ್ಮೆಯಂತೂ ಬೇಕು. ಒಂದು ಸಂಜೆ ಪೂರ್ತಿ ಕಪಾಟು ಜಾಲಾಡಿ ಏನೂ ದಕ್ಕದೆ ಎದ್ದುಹೋಗುವುದುಂಟು. ಕೆಲವು ಆಲ್ಬಂಗಳು ಒಂದೆರಡು ಸಲ ಪುಕ್ಕಟೆ ಕೇಳಿಸಿದ ಮೇಲೆ ಕೊಳ್ಳುತ್ತೀರಾ ಎನ್ನುತ್ತವೆ, ಅದು ನ್ಯಾಯವೇ. ಹಣ ಹಾಕಲಾಗದ ವಿದ್ಯಾರ್ಥಿಗಳಿಗೆ ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ನೆಟ್‌ಲೇಬಲ್‌ಗಳ, ಅಂದರೆ ಇಂಟರ್ನೆಟ್‌ನಲ್ಲೇ ಸಂಗೀತ ಹೊರತರುವ ಪುಟ್ಟ ಸಂಸ್ಥೆಗಳ ಸಂಗ್ರಹವಿದೆ. ಅಲ್ಲಿ ಇಳಿಸಿಕೊಳ್ಳಲು ಕಾಸು ಬೇಡ.

ನಮ್ಮ ಕರಾವಳಿಯ ಹೊಸ ದನಿಗಳಿಗೆ ಮಾತ್ರ ಈ ಮೂರೂ ಸಾಲವು. ಅದಕ್ಕೆ ಮಂಗಳೂರು ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ತಿಂಗಳ ಮೊದಲ ಭಾನುವಾರ ನಡೆಸುವ ಕೊಂಕಣಿ ಕಾರ್ಯಕ್ರಮಕ್ಕೆ ಹೋಗಿ ಕುಳಿತುಕೊಳ್ಳಬೇಕು. ಅಲ್ಲಿ ಪ್ರತಿ ಸಲ ಸಂಗೀತವೇ ಇರುವುದಿಲ್ಲ, ನಾಟಕವೋ ನೃತ್ಯವೋ ಇರಬಹುದು. ಇರುವ ದಿನ ಹಾಡುವವರನ್ನು ಕಾರ್ಯಕ್ರಮ ಮುಗಿದ ಮೇಲೆ ಮಾತನಾಡಿಸಿ, ನೀವು ಏನು ಕೇಳುತ್ತೀರಿ ಎಂದು ವಿಚಾರಿಸಬಹುದು.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳುವವರು ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ನೋಡಿಕೊಂಡು ಕೊಳ್ಳಿ. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿನಲ್ಲಿ ಆರಂಭವಾದ ಈ ಪದ್ಧತಿಯಂತೆ ಆಯ್ದ ಶುಕ್ರವಾರಗಳಂದು ತಾಣ ತನ್ನ ಪಾಲನ್ನು ಬಿಟ್ಟುಕೊಡುತ್ತದೆ. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು. ಹಾಗಾಗಿ ನಮಗೆ ಅದು ಶುಕ್ರವಾರ ಮಧ್ಯಾಹ್ನ, ಬೇಸಿಗೆಯಲ್ಲಿ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ ಶುರುವಾಗಿ ಶನಿವಾರ ಅದೇ ಹೊತ್ತಿನವರೆಗೆ ಇರುತ್ತದೆ.