ಗ್ರೂಪ್ ಕರ್ಕೊಂಡು ಹೋಗೋದಾದ್ರೆ ಮೈಂಜ್ ಮ್ಯೂಸಿಯಮ್ಮಾ, ಆಂಟ್‌ವರ್ಪ್ ಮ್ಯೂಸಿಯಮ್ಮಾ?

ಯುರೋಪಲ್ಲಿರೋ ನಮ್ಮೋರು ಮುದ್ರಣದ ಇತಿಹಾಸ ನೋಡೋಕೆ ಗ್ರೂಪ್ ಮಾಡ್ಕೊಂಡು ಹೊರಟ್ರೆ ಮುಖ್ಯವಾಗಿ ಎರಡು ಜಾಗ ಇದೆ, ಜರ್ಮನಿಯ ಮೈಂಜ್‌ನ ಗುಟೆನ್‌ಬರ್ಗ್ ಮ್ಯೂಸಿಯಂ, ಬೆಲ್ಜಿಯಂನ ಆಂಟ್‌ವರ್ಪ್‌ನ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ.

ಮಕ್ಕಳು ಜಾಸ್ತಿ ಇದ್ರೆ ಮೈಂಜ್‌ಗೇ ಹೋಗಿ. ಸೀಸ ಕರಗಿಸಿ ಅಚ್ಚುಮೊಳೆ ಎರಕ ಹೊಯ್ಯೋದು, ಮಸಿ ಹಚ್ಚಿ ಪ್ರೆಸ್ ಎಳೆಯೋದು, ಇದನ್ನೆಲ್ಲ ಕಣ್ಣೆದುರಿಗೇ ಮಾಡಿ ತೋರಿಸೋ ಪದ್ಧತಿಗೆ ಹೆಸರಾದ ಜಾಗ ಅದು, ಜೊತೆಗೆ ಯುರೋಪಲ್ಲಿ ಅಚ್ಚುಮೊಳೆ ಮುದ್ರಣ ಶುರು ಮಾಡಿದ ಗುಟೆನ್‌ಬರ್ಗ್ ಅಚ್ಚು ಹಾಕಿದ, ಪುಟಕ್ಕೆ 42 ಸಾಲಿನ ಬೈಬಲ್‌ನ ಮೂಲ ಪ್ರತಿಗಳೂ ಅವರ ಹತ್ರ ಇವೆ. ಆದ್ರೆ ಹೊಸ ಕಟ್ಟಡ ಕಟ್ತಿರೋದ್ರಿಂದ 2024ರ ಕೊನೆಯಿಂದ ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ತಾತ್ಕಾಲಿಕವಾಗಿ ಶಿಫ್ಟ್ ಆಗಿದೆ, ಹಳೇ ಅಡ್ರೆಸ್‌ಗೆ ಹೋಗ್ಬೇಡಿ, ಬುಕ್ ಮಾಡೋವಾಗ್ಲೇ ಏನೇನು ತೋರಿಸ್ತಾರೆ ಅಂತ ಕೇಳ್ಕೊಳ್ಳಿ.

ನನ್ ಮನಸ್ಸು ಮಾತ್ರ ಆಂಟ್‌ವರ್ಪ್ ಕಡೆಗೇ. ಅದು ಮ್ಯೂಸಿಯಂಗೆ ಅಂತ ಕಟ್ಟಿದ್ದಲ್ಲ, ಪ್ಲಾಂಟಿನ್ ಮನೆತನದೋರು ತಲೆಮಾರುಗಟ್ಲೆ ಬಾಳಿ, ಅಲ್ಲೇ ಅಚ್ಚು ಹಾಕ್ತಿದ್ದ ಮನೆ. 1600ರ ಸುಮಾರಿನ ಎರಡು ಪ್ರೆಸ್‌ಗಳಿವೆ, ಪ್ರಪಂಚದಲ್ಲಿ ಉಳಿದಿರೋದ್ರಲ್ಲೇ ಅತೀ ಹಳೇವು! ಕರಡು ತಿದ್ದೋರ ಕೋಣೆ, ಫ್ರಾನ್ಸ್‌ನ ಅಕ್ಷರ ಕೆತ್ತನೆಗಾರ ಗ್ಯಾರಮಾಂಡ್ ಕೆತ್ತಿದ, ಅಚ್ಚುಮೊಳೆಯ ಅಚ್ಚು ಮಾಡೋಕೆ ಬಳಸೋ ಉಕ್ಕಿನ ಪಂಚ್‌ಗಳು, ಐದು ಭಾಷೇಲಿ ಅಚ್ಚಾದ ಬೈಬಲ್, ಚಿತ್ರಕಾರ ರೂಬೆನ್ಸ್ ಬರೆದ ಚಿತ್ರಗಳು, ಎಲ್ಲ ಒಂದೇ ಸೂರಿನಡಿ. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಕೋಣೆಗಳು ಚಿಕ್ಕವು, ದೊಡ್ಡ ಗುಂಪಾದ್ರೆ ಎರಡು ತಂಡ ಮಾಡ್ಕೊಂಡು ಇಬ್ರು ಗೈಡ್ ಕೇಳಿ, ಇಲ್ಲಾಂದ್ರೆ ಹಿಂದೆ ನಿಂತೋರಿಗೆ ಏನೂ ಕಾಣಲ್ಲ. ಮೆಟ್ಟಿಲುಗಳಿವೆ, ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋರು ಮೊದ್ಲೇ ಫೋನ್ ಮಾಡಿ ವಿಚಾರಿಸಿ.

ಫ್ರಾಂಕ್‌ಫರ್ಟ್ ಕಡೆಯೋರಿಗೆ ಮೈಂಜ್ ಹತ್ರ, ಬ್ರಸೆಲ್ಸ್ ಕಡೆಯೋರಿಗೆ ಆಂಟ್‌ವರ್ಪ್.